ಬಾಗಿಲಾಚೆ ನಿಂತ ಹೆಜ್ಜೆ

ವಿಮರ್ಶೆಗಳು ಬೆಳಿಗ್ಗೆ ಹತ್ತಕ್ಕೆ ಹೊರಬೀಳುವುದೆಂದು ಗೊತ್ತಾಗಿತ್ತು. ಅಲ್ಲಿಯವರೆಗೆ ಹೊಸ ವಿಡಿಯೋ ಗೇಮನ್ನು ಆಡಿ ಮುಗಿಸಿದ ವಿಮರ್ಶಕರು ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಬಾಯಿಗೆ ಬೀಗ ಹಾಕಿದ್ದೂ ಕಂಪನಿಯೇ, ತೆಗೆಯುವ ಹೊತ್ತು ಗೊತ್ತುಮಾಡಿದ್ದೂ ಕಂಪನಿಯೇ. ಮಗಳು ಒಬ್ಬಳೇ ಕಾಯಲಾರದೆ ತವರಿಗೆ ಬಂದು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು ಉಗುರು ಕಚ್ಚುತ್ತ ಕೂತಿದ್ದಳು. ಎದುರಿಗೆ ಮುದುಕಿ, ಅವಳ ತಾಯಿ. ಒಲೆಯ ಮುಂದೆ, ಇಬ್ಬರಿಗೂ ಬೆನ್ನು ಹಾಕಿಕೊಂಡು, ಸೊಸೆ.

ಸೊಸೆ ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದಳು. ಅವಳ ಹೊಟ್ಟೆಯೊಳಗೆ ಉಕ್ಕುತ್ತಿದ್ದದ್ದು ಬೇರೆ. ಆಟ ನೆಲಕಚ್ಚಲಿ ಎಂದು ಅವಳು ಒಂದು ವಾರದಿಂದ ಹಾರೈಸುತ್ತಿದ್ದಳು.

ಆಟದ ಹೆಸರು ‘ನೆಲಮಾಳಿಗೆ’. ಕತ್ತಲ ಮನೆಯಲ್ಲಿ ಸಿಕ್ಕಿಬಿದ್ದ ಒಬ್ಬ ಹುಡುಗಿ, ಕೈಯಲ್ಲಿ ಮಿಣುಕುವ ಟಾರ್ಚು, ಅವಳನ್ನು ಹುಡುಕಿಕೊಂಡು ಬರುವ ‘ಯಜಮಾನಿ’ ಎಂಬ ದೆವ್ವ. ಈ ದೆವ್ವ ಕಣ್ಣಿಗಿಂತ ಕಿವಿಗೇ ಹೆಚ್ಚು ಬೀಳುತ್ತದೆ. ಬಲಗಾಲು ಟಕ್ಕೆಂದು ಊರುತ್ತದೆ, ಎಡಗಾಲು ಸರ್ರನೆ ಎಳೆಯುತ್ತದೆ. ಇಪ್ಪತ್ತು ವರ್ಷದ ಹಿಂದೆ, ಒಂದು ಸಣ್ಣ ಕಂಪನಿಯಲ್ಲಿ ಕೂತು ಆ ಹೆಜ್ಜೆಗಳನ್ನು ಮಾಡಿದವಳು ಸೊಸೆ. ಆಗಷ್ಟೇ ಮದುವೆಯಾಗಿ ಈ ಮನೆಗೆ ಬಂದಿದ್ದಳು. ಪಕ್ಕದ ಕೋಣೆಯಲ್ಲಿ ಅತ್ತೆ ನಡೆದರೆ ಹೊಸ ಸೊಸೆಗೆ ಮೈ ಜುಮ್ಮೆನ್ನುತ್ತಿತ್ತು. ಬಟ್ಟೆ ಗಿರಣಿಯಲ್ಲಿ ನೂಲಿನ ಉರುಳೆ ಬಿದ್ದು ಅತ್ತೆಯ ಎಡಪಾದ ಜಜ್ಜಿಹೋಗಿತ್ತು. ಗಿರಣಿ ಆ ಪಾದಕ್ಕೆ ಕೊಟ್ಟದ್ದು ನಾಲ್ಕು ದಿನದ ರಜೆ ಮತ್ತು ಎಚ್ಚರದಿಂದಿರಬೇಕೆಂಬ ಬುದ್ಧಿವಾದ. ಸೊಸೆ ಅತ್ತೆಯನ್ನು ಕೇಳಿ, ಒಪ್ಪಿಸಿ, ಸ್ಟುಡಿಯೋಗೆ ಕರೆದೊಯ್ದು, ಕಲ್ಲಿನ ಮೇಲೆ, ಹಲಗೆಯ ಮೇಲೆ, ಒದ್ದೆ ನೆಲದ ಮೇಲೆ ನಡೆಸಿ ಸದ್ದು ಹಿಡಿದಿದ್ದಳು. ಆಟ ಮನೆಮಾತಾಯಿತು. ‘ಆ ದೆವ್ವ ನಾನೇ’ ಎಂದು ಮುದುಕಿ ನೆರೆಯವರ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಆಮೇಲೆ ಸಣ್ಣ ಕಂಪನಿ ಮುಚ್ಚಿತು. ಆಟದ ಹೆಸರು, ಹಕ್ಕು, ಹೆಜ್ಜೆ ಎಲ್ಲವನ್ನೂ ದೊಡ್ಡ ಕಂಪನಿ ಕೊಂಡುಕೊಂಡಿತು, ಮಾಡಿದವರನ್ನು ಮಾತ್ರ ಬಿಟ್ಟಿತು. ಈಗ ಹೊರಬರುತ್ತಿರುವ ರೀಮೇಕಿನ ಕೊನೆಯಲ್ಲಿ ‘ಮೂಲ ತಂಡಕ್ಕೆ ಕೃತಜ್ಞತೆಗಳು’ ಎಂಬ ಸಾಲಿದೆ. ಇಡೀ ತಂಡವನ್ನು ಹೂಳಲು ಅವರಿಗೆ ಮೂರೇ ಪದ ಸಾಕಾಗಿತ್ತು. ಸೊಸೆಗೆ ಶ್ರವಣಯಂತ್ರದ ಅಂಗಡಿಯಲ್ಲಿ ಕೆಲಸ. ಕಿವಿ ಮಂದವಾದವರನ್ನು ಸದ್ದು ನುಗ್ಗದ ಗಾಜಿನ ಕೋಣೆಯಲ್ಲಿ ಕೂರಿಸಿ, ‘ಕೇಳಿಸಿದಾಗ ಕೈ ಎತ್ತಿ’ ಎಂದು ಗುಂಡಿ ಒತ್ತುವುದು. ಅವಳು ಕೈಹಿಡಿದು ಸದ್ದಿನ ಕೆಲಸ ಕಲಿಸಿದ ನಾದಿನಿ, ಅಂದರೆ ಈ ಮಗಳು, ಈಗ ಆ ದೊಡ್ಡ ಕಂಪನಿಯಲ್ಲಿ ರೀಮೇಕಿನ ಧ್ವನಿ ವಿಭಾಗದ ಮುಖ್ಯಸ್ಥೆ.

“ಬಂತು, ಬಂತು!” ಮಗಳು ಕಿರುಚಿದಳು. “ಒಂಬತ್ತು! ಅಮ್ಮಾ, ಮೊದಲನೇದೇ ಒಂಬತ್ತು!”

“ಎಷ್ಟಕ್ಕೆ?”

“ಹತ್ತಕ್ಕೆ.”

“ಮತ್ತೆ ಇನ್ನೊಂದು ಯಾರು ತಿಂದ್ರು?”

“ಅದು ಹಾಗೇನೇ ಅಮ್ಮ. ಯಾರೂ ಪೂರ್ತಿ ಕೊಡಲ್ಲ. ಇಲ್ನೋಡು, ಇನ್ನೊಂದು ಒಂಬತ್ತು. ಇದು ಎಂಟೂವರೆ. ಇದು… ಆರು.”

ಸೊಸೆ ಥಟ್ಟನೆ ತಿರುಗಿದಳು. “ಆರಾ? ಏನಂತೆ?”

“ಬೆಳಕು ಜಾಸ್ತಿ ಆಯ್ತಂತೆ. ದೆವ್ವದ ಮುಖ ಚೆನ್ನಾಗಿ ಕಾಣುತ್ತೆ, ಅದಕ್ಕೇ ಭಯ ಹೋಯ್ತು ಅಂತ.”

“ಅಯ್ಯೋ ಪಾಪ,” ಎಂದಳು ಸೊಸೆ. ಆ ‘ಪಾಪ’ ಎಷ್ಟು ಸಿಹಿಯಾಗಿತ್ತೆಂದರೆ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತಳು.

ಮಗಳು ಮುಂದಿನದನ್ನು ಓದತೊಡಗಿದಳು. ಹೆಚ್ಚು ಜನ ನೆಚ್ಚುವ ಪತ್ರಿಕೆಯ ವಿಮರ್ಶೆ ಅದು. “‘ಈ ರೀಮೇಕಿನ ಜೀವ ಇರುವುದು ಅದರ ಹೆಜ್ಜೆ ಸದ್ದಿನಲ್ಲಿ…’” ಅಷ್ಟು ಓದಿ ನಿಂತಳು. ಆಮೇಲೆ, “ಹೀಗೇ ಏನೇನೋ ಬರೆದಿದಾನೆ ಬಿಡಿ. ಅಂಕ ಒಂಬತ್ತೂವರೆ,” ಎಂದು ಪುಟ ಸರಿಸಲು ಹೋದಳು.

ಸೊಸೆ ಬಂದು ಅವಳ ಹೆಗಲ ಮೇಲಿಂದ ಬಾಗಿ ತಾನೇ ಗಟ್ಟಿಯಾಗಿ ಓದಿದಳು. “‘ಕಾಲು ಗಾಯಗೊಂಡ ತಾಯಿಯ ನಡಿಗೆಯನ್ನು ಕೇಳುತ್ತ ಬೆಳೆದ ಧ್ವನಿ ವಿನ್ಯಾಸಕಿ, ಆ ನೆನಪನ್ನೇ ದೆವ್ವವಾಗಿಸಿದ್ದಾಳೆ.’ ಓಹೋ. ನೀನು ದೆವ್ವವಾಗಿಸಿದ್ಯಾ?”

“ಅವನು ಹಾಗೆ ಬರ್ಕೊಂಡಿದಾನೆ ಅತ್ತಿಗೆ. ನಾನು ಅಮ್ಮನ ಕಾಲಿನ ವಿಷಯ ಹೇಳಿದ್ದೆ ಅಷ್ಟೇ.”

“ನನ್ನ ವಿಷಯ?”

“ಅವನು ಕೇಳ್ಲಿಲ್ಲ.”

“ಅಮ್ಮನ ಕಾಲಿನ ವಿಷಯ ಕೇಳಿದ್ನಾ?”

ಮಗಳ ಮುಖ ಕೆಂಪಾಯಿತು. “ನಮ್ಮಮ್ಮನ ಕಾಲು ಅತ್ತಿಗೆ. ನಿಮಗೇನು ಬರೆದುಕೊಟ್ಟಿದಾರಾ?”

“ನಿಮ್ಮಮ್ಮನ ಕಾಲೇ. ಹುಟ್ಟಿದಾಗಿಂದ ಆ ಕಾಲಿನ ಪಕ್ಕದಲ್ಲೇ ಇದ್ದೆಯಲ್ಲ, ಒಂದಿನ ಕಿವಿಗೊಟ್ಟು ಕೇಳಿದ್ಯಾ? ಜೊತೆಯ ಮಕ್ಕಳು ಅಣಕಿಸ್ತಾರೆ ಅಂತ ರಸ್ತೆಲಿ ಅಮ್ಮನಿಂದ ಹತ್ತು ಮಾರು ಮುಂದೆ ಓಡ್ತಿದ್ದೋಳು ನೀನು. ಕೇಳಿದ್ದು ನಾನು. ಅದು ಬರೀ ಕುಂಟು ಅಲ್ಲ, ಅದಕ್ಕೊಂದು ಲಯ ಇದೆ ಅಂತ ಕಂಡುಹಿಡಿದದ್ದು ನಾನು!”

“ಲೇ, ಕಾಲು ನಂದು ಕಣ್ರೇ,” ಮುದುಕಿ ಮೇಜು ಕುಟ್ಟಿದಳು. “ಹರಾಜಿಗೆ ಇಟ್ಟಿದೀರಾ? ಅದಿರ್ಲಿ, ಈ ಹೊಸದರಲ್ಲಿ ನಡೆದೋಳು ಯಾರೇ?”

“ಒಬ್ಬ ಡ್ಯಾನ್ಸರ್ ಅಮ್ಮ.”

“ಎರಡು ಕಾಲೂ ನೆಟ್ಟಗಿರೋಳಾ? ಯಾಕೆ, ನಾನು ಸತ್ತೋಗಿದ್ನಾ?”

“ಪಾದದ ಆಪರೇಷನ್ ಆದ್ಮೇಲೆ ನೀನು ಸರಿಯಾಗಿ ನಡೀತೀಯಲ್ಲಮ್ಮ.”

“ಎಳೀತಿದ್ದೆ. ಕೇಳಿದ್ರೆ ಎಳೀತಿದ್ದೆ,” ಎಂದು ಮುದುಕಿ ಮುಖ ತಿರುಗಿಸಿಕೊಂಡಳು.

ಹನ್ನೊಂದಕ್ಕೆ ಅದೇ ವಿಮರ್ಶಕ ಮಗಳಿಗೆ ಫೋನ್ ಮಾಡುವವನಿದ್ದ. ಹೆಜ್ಜೆಗಳ ಬಗ್ಗೆಯೇ ಇನ್ನೊಂದು ಲೇಖನ ಬರೆಯಬೇಕಂತೆ. ಸೊಸೆ ಇನ್ನೊಂದು ಸುತ್ತು ಕಾಫಿಗೆ ಹಾಲು ಒಲೆಗಿಟ್ಟು, ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತಳು. “ಅವನಿಗೆ ನೀನೇ ಹೇಳ್ತೀಯಾ, ನಾನು ಹೇಳ್ಲಾ? ಹಳೇ ಟೇಪು ನನ್ನ ಹತ್ರ ಇದೆ. ‘ಅತ್ತೆ, ಇನ್ನೊಂದ್ಸಲ ನಡೀರಿ’ ಅಂತ ನನ್ನ ದನಿನೇ ಇದೆ ಅದರಲ್ಲಿ. ಊರಿಗೆಲ್ಲ ಕೇಳಿಸ್ತೀನಿ.”

“ಇವತ್ತು ಬೇಡ ಅತ್ತಿಗೆ. ಸುಳ್ಳಿ ಅನ್ನಿಸ್ಕೋತೀನಿ. ಇವತ್ತೊಂದಿನ ನನಗೆ ಬಿಟ್ಕೊಡಿ.”

“ನನಗೆ ಆ ಒಂದಿನ ಬರ್ಲೇ ಇಲ್ಲವಲ್ಲ ಪುಟ್ಟಿ.”

ಸೊಸೆ ಯಾರಿಗೂ ಹೇಳದ ಸಂಗತಿ ಒಂದಿತ್ತು. ಹೋದ ವಾರ ಮಗಳು ಕೊಟ್ಟ ಪ್ರತಿಯನ್ನು ಅವಳು ಅಂಗಡಿಗೆ ಒಯ್ದು, ಊಟದ ಬಿಡುವಿನಲ್ಲಿ, ಗಾಜಿನ ಕೋಣೆಯೊಳಗೆ ಕೂತು ಆಡಿದ್ದಳು. ಹೋದದ್ದೇ ಹುಳುಕು ಹುಡುಕಲು. ಹುಳುಕು ಸಿಕ್ಕಿತು ಕೂಡ. ಹೊಸ ಹೆಜ್ಜೆಗಳು ಬಲು ನಯ, ಅವುಗಳಲ್ಲಿ ಭಾರವಿಲ್ಲ. ಅವಳಿಗೆ ಹಬ್ಬ. ಆಮೇಲೆ ಆಟದ ಹುಡುಗಿ ಒಂದು ಕೋಣೆಯಲ್ಲಿ ಅಡಗಿದಳು. ಹೆಜ್ಜೆಗಳು ಬಾಗಿಲವರೆಗೆ ಬಂದು ನಿಂತವು. ನಿಂತೇ ಇದ್ದವು. ಸಂಗೀತವಿಲ್ಲ, ಉಸಿರಿಲ್ಲ. ಬಾಗಿಲಾಚೆ ಬಟ್ಟೆ ಸರಿದ ಹಾಗೆ ಒಂದು ಸಣ್ಣ ಸದ್ದು. ದೆವ್ವ ಬಾಗಿಲನ್ನು ಮುರಿಯಲಿಲ್ಲ, ಒದೆಯಲಿಲ್ಲ. ಬಾಗಿಲು ಮೆಲ್ಲಗೆ, ಮಲಗಿದವರಿಗೆ ಎಚ್ಚರವಾಗದ ಹಾಗೆ ತೆರೆದುಕೊಂಡಿತು. ಸೊಸೆ ತನಗರಿವಿಲ್ಲದೆ ಕೈ ಎತ್ತಿದ್ದಳು, ತನ್ನ ಗಿರಾಕಿಗಳು ಎತ್ತುವ ಹಾಗೆ. ಎತ್ತಿದ ಕೈ ಕಂಡು ಅವಳಿಗೆ ಮೈಯೆಲ್ಲ ಉರಿಯಿತು. ಇದು ನನಗೇಕೆ ಹೊಳೆಯಲಿಲ್ಲ? ಅಂದಿನಿಂದ ಆ ಉರಿ ಆರಿರಲಿಲ್ಲ. ಹೆಸರಿನದ್ದು ಅರ್ಧ ಜಗಳವಾಗಿದ್ದರೆ, ಈ ಉರಿಯದ್ದು ಉಳಿದರ್ಧ.

ಫೋನ್ ಬಡಿದುಕೊಂಡಿತು. ಮಗಳು ಅದನ್ನು ಮೇಜಿನ ನಡುವೆ ಇಟ್ಟು ಸ್ಪೀಕರ್ ಹಾಕಿದಳು. ವಿಮರ್ಶಕ ಅಭಿನಂದನೆ ಹೇಳಿ, “ಆ ಹೆಜ್ಜೆಗಳ ಕಥೆ ಇನ್ನಷ್ಟು ಹೇಳಿ ಮೇಡಂ,” ಎಂದ.

ಮಗಳು ಸೊಸೆಯನ್ನು ನೋಡಿದಳು. ಸೊಸೆ ಕಣ್ಣು ಕದಲಿಸಲಿಲ್ಲ.

“ಹೆಜ್ಜೆ ನಂದಲ್ಲ,” ಎಂದಳು ಮಗಳು. “ಅತ್ತಿಗೆದು. ಹಳೇ ಆಟದಲ್ಲಿ ಅದನ್ನ ಮಾಡಿದ್ದೇ ಅವರು. ನನಗೆ ಕೆಲಸ ಕಲಿಸಿದ್ದೂ ಅವರೇ. ಮೊದಲೇ ಹೇಳ್ಬೇಕಿತ್ತು.”

ವಿಮರ್ಶಕ ಕೇಳಿದ: “ಹಾಗಾದ್ರೆ ಇದರಲ್ಲಿ ನಿಮ್ಮದು ಅಂತ ಏನಿದೆ ಮೇಡಂ?”

ಮಗಳು ತಲೆ ತಗ್ಗಿಸಿದಳು. ಸೊಸೆಗೆ ಬೇಕಾದ್ದೆಲ್ಲ ಸಿಕ್ಕಿತ್ತು. ಇನ್ನು ಸುಮ್ಮನಿದ್ದರೆ ಸಾಕು. ಸುಮ್ಮನಿದ್ದಳು ಕೂಡ, ಆ ಮೌನವನ್ನು ಬಾಯಲ್ಲಿಟ್ಟು ಚಪ್ಪರಿಸುತ್ತ. ಆದರೆ ಇಷ್ಟು ದಿನ ಅವಳನ್ನು ಕೊರೆಯುತ್ತಿದ್ದ ಪ್ರಶ್ನೆ ಸುಮ್ಮನಿರಲಿಲ್ಲ.

“ಆ ಬಾಗಿಲ ಹತ್ರ ನಿಲ್ಲೋದು,” ಎಂದಳು. “ಅದನ್ನ ಎಲ್ಲಿಂದ ತಂದೆ?”

ಮಗಳು ಬೆರಗಾಗಿ ತಲೆಯೆತ್ತಿದಳು. “ಅಮ್ಮ ಗಿರಣಿಯಿಂದ ಬರ್ತಿದ್ಲಲ್ಲ ಅತ್ತಿಗೆ. ಕಾಲು ಎಳ್ಕೊಂಡು ಬಾಗಿಲ ತನಕ ಬಂದು ನಿಂತ್ಬಿಡೋಳು. ನಾನು ಒಳಗೆ ಚಾಪೆ ಮೇಲೆ ಮಲಗಿ ಕೇಳಿಸ್ಕೋತಿದ್ದೆ. ಯಾಕೆ ನಿಂತಳು, ಯಾಕೆ ಒಳಗೆ ಬರ್ತಿಲ್ಲ ಅಂತ ಉಸಿರು ಹಿಡ್ಕೊಂಡಿರ್ತಿದ್ದೆ. ಆಮೇಲೆ ಮೆಲ್ಲಗೆ ಬಾಗಿಲು ತೆಗೆದು, ನಗ್ತಾ ಬರೋಳು.”

“ಸೆರಗಲ್ಲಿ ಮುಖ ಒರೆಸ್ಕೋತಿದ್ದೆ ಕಣೇ,” ಎಂದಳು ಮುದುಕಿ. “ನೋವಿಗೆ ಕಣ್ಣಲ್ಲಿ ನೀರು ಬಂದಿರೋದು. ಅಳು ಮುಖ ಹೊತ್ಕೊಂಡು ಮಕ್ಕಳ ಮುಂದೆ ಬರೋಕಾಗುತ್ತಾ?”

ಹಾಲು ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು. ಯಾರೂ ಏಳಲಿಲ್ಲ.

ಸೊಸೆ ಈ ಮನೆಗೆ ಕಾಲಿಡುವ ಹೊತ್ತಿಗೆ ಅತ್ತೆ ಗಿರಣಿ ಬಿಟ್ಟಾಗಿತ್ತು. ಆ ನಿಲ್ಲುವಿಕೆ ಅವಳ ಕಿವಿಗೆ ಬೀಳುವ ದಾರಿಯೇ ಇರಲಿಲ್ಲ. ಎಷ್ಟು ಒಳ್ಳೆಯ ಕಿವಿಯಿದ್ದರೂ ಇನ್ನೊಬ್ಬಳ ಬಾಲ್ಯದ ಚಾಪೆಯ ಮೇಲೆ ಮಲಗಲಾಗುವುದಿಲ್ಲ. ಕಲಿತರೆ ಬರುವುದಲ್ಲ, ಕಸಿದರೆ ಸಿಗುವುದಲ್ಲ. ಹೊಟ್ಟೆಕಿಚ್ಚಿಗೆ ಅದಕ್ಕಿಂತ ಒಳ್ಳೆಯ ಸೌದೆ ಬೇಕೆ?

ಅವಳು ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. “ಬರ್ಕೊಳ್ಳಿ. ಹೆಜ್ಜೆ ನಂದು. ನಿಲ್ಲೋದು ಇವಳದ್ದು, ಅದು ನನಗೆ ಹೊಳೆದಿರಲಿಲ್ಲ. ಕಾಲು ನಮ್ಮತ್ತೇದು. ಕಾಲು ಜಜ್ಜಿದ್ದು ಗಿರಣಿ. ಅದನ್ನೂ ಬರ್ಕೊಳ್ಳಿ.”

“ಅಷ್ಟಕ್ಕೆಲ್ಲ ಜಾಗ ಇರುತ್ತೋ ಇಲ್ವೋ ಮೇಡಂ…”

“ನಿಮ್ಮ ಬರಹದ ನೆತ್ತಿ ಮೇಲೆ ಆಟದ ನಿರ್ದೇಶಕರ ಫೋಟೋ ಇದೆಯಲ್ಲ, ಹಾಸಿಗೆಯಷ್ಟು ಅಗಲ? ಅದನ್ನ ತೆಗೀರಿ. ಜಾಗ ಆಗುತ್ತೆ.”

ಫೋನ್ ಇಟ್ಟಮೇಲೆ ಮಗಳು ಮೆಲ್ಲಗೆ ಕೇಳಿದಳು: “ನಿಜವಾಗ್ಲೂ ಚೆನ್ನಾಗಿತ್ತಾ ಅತ್ತಿಗೆ, ನಿಲ್ಲೋದು?”

“ಹೊಟ್ಟೆ ಉರೀತು ಕಣೇ.”

“ಹಾಗಾದ್ರೆ ಹತ್ತಕ್ಕೆ ಹತ್ತು?”

“ಒಂಬತ್ತು,” ಎಂದು ಸೊಸೆ ಒಲೆ ಒರೆಸಲು ಎದ್ದಳು. “ಒಂದು ನನ್ನ ಹತ್ರ ಇರ್ಲಿ.”

ಮಧ್ಯಾಹ್ನ ಅವಳು ಅಂಗಡಿಯಲ್ಲಿ ಒಬ್ಬರ ಕಿವಿ ಪರೀಕ್ಷೆ ಮುಗಿಸಿ ಇನ್ನೊಬ್ಬರನ್ನು ಕೂರಿಸುವಷ್ಟರಲ್ಲಿ ಲೇಖನ ಬಂದಿತ್ತು. ಹಿಂದೆಯೇ ಅತ್ತೆಯ ಫೋನು. “ಬಂತಂತಲ್ಲ. ಕನ್ನಡಕ ಸಿಕ್ತಿಲ್ಲ, ಓದು. ಮೊದಲು ಯಾರ ಹೆಸರು ಹಾಕಿದಾನೆ?”

“ನಿಮ್ಮ ಮಗಳದ್ದು.”

“ಆಮೇಲೆ?”

“ನಿಮ್ಮದು.”

“ನಿಂದು?”

“ಕೊನೇಲಿ,” ಎಂದಳು ಸೊಸೆ. “ನಿರ್ದೇಶಕನ ಫೋಟೋ ಇದ್ದಲ್ಲೇ ಇದೆ.”

“ಗಿರಣಿ?”

ಸೊಸೆ ಲೇಖನವನ್ನು ಮೇಲಿಂದ ಕೆಳಗೆ ಮತ್ತೆ ಸರಿಸಿದಳು. ತನ್ನ ಹೆಸರು ಎಲ್ಲಿದೆ ಎಂದು ಹುಡುಕುವ ಭರದಲ್ಲಿ ಅದನ್ನು ನೋಡಿಯೇ ಇರಲಿಲ್ಲ. “ಇಲ್ಲ ಅತ್ತೆ. ‘ಅಪಘಾತದಲ್ಲಿ’ ಅಂತಷ್ಟೇ ಇದೆ.”

ಅತ್ತ ಕಡೆ ಮೌನ. ಹಿಂದೆಯೇ ಬಟ್ಟೆ ಸರಿದ ಹಾಗೆ ಒಂದು ಸಣ್ಣ ಸದ್ದು.

“ಆ ಹುಡುಗನ ನಂಬರ್ ಕೊಡೇ,” ಎಂದಳು ಮುದುಕಿ. “ನಾನು ಮಾತಾಡ್ತೀನಿ.”