ಬಾಯಿಗೆ ಹಿಡಿದ ಸೆರಗು

ಜೇಬುನ್ನೀಸಾಳ ಜನಾಜಾ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಈ ಚಾಳು ಕಟ್ಟಿದವರು ಇಲ್ಲಿ ಯಾರಾದರೂ ಸಾಯಬಹುದೆಂದು ಎಣಿಸಿರಲಿಲ್ಲವೇನೋ. "ಧೀರೆ, ಧೀರೆ. ತಲಿ ಕಡೆ ಎತ್ರಿ," ಎನ್ನುತ್ತಿದ್ದ ಮಗ ಜಮೀರ. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ ಡಾಕ್ಟರ್ ಶುಭಾಳ ಭುಜಕ್ಕೆ ಹಸಿರು ಚಾದರ ತಾಗಿ ಹೋಯಿತು. ಗಂಡಸರು ಕಬರಸ್ತಾನದ ಕಡೆ ನಡೆದರು. ಅವಳು ಮೇಲೆ ಹೋಗಿ ಹೆಂಗಸರ ನಡುವೆ ಕುಳಿತಳು.

ಜೇಬುನ್ನೀಸಾ ವಿಜಾಪುರದ ಕಡೆಯಿಂದ ಮದುವೆಯಾಗಿ ಕುರ್ಲಾಕ್ಕೆ ಬಂದವಳು. ಈ ಒಂದೇ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರಿ ಇಬ್ಬರು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಳು.

"ಕೈ ಒಂದ್ ಗಳಿಗಿ ಸುಮ್ಮ ಇರತಿದ್ದಿಲ್ಲ ನೋಡ್ರಿ," ಎಂದಳು ನೆರೆಮನೆಯ ದಿಲನಾಜ. "ಮಾತಾಡುವಾಗೂ ಗಾಳ್ಯಾಗ ರೊಟ್ಟಿ ಬಡೀತಿದ್ಲು."

ಒಬ್ಬಿಬ್ಬರು ನಕ್ಕರು, ನಕ್ಕದ್ದಕ್ಕೆ ಅತ್ತರು. ನಿನ್ನೆ ಸಂಜೆ ಶುಭಾಳ ದವಾಖಾನೆಯಲ್ಲಿ ಆ ಕೈ ಸುಮ್ಮನಿತ್ತು.

*

ದವಾಖಾನೆ ಮೊದಲು ಡಾಕ್ಟರ್ ವೆಂಕಟಸುಬ್ಬಯ್ಯನವರದು. ಮೈಸೂರಿನವರು, ತಮಗೇ ಜ್ವರವಿದ್ದರೂ ಬಾಗಿಲು ಮುಚ್ಚಿದವರಲ್ಲ. ಚೆಂಬೂರಿನ ಹುಡುಗಿ ಶುಭಾ ಡಾಕ್ಟರಾದದ್ದೇ ಅವರನ್ನು ನೋಡಿ. ಅವರ ಕೈಕೆಳಗೆ ಸೇರಿದ ಹೊಸದರಲ್ಲಿ ಒಬ್ಬ ಮುದುಕಿಗೆ, "ಬಾಯಿಂದ ಸೆರಗು ತೆಗೀರಿ, ಏನ್ ಹೇಳ್ತಿದೀರೋ ಕೇಳಿಸ್ತಿಲ್ಲ," ಎಂದು ಗದರಿದ್ದಳು.

ಆಮೇಲೆ ಅವರು ಹತ್ತಿರ ಕರೆದು ಹೇಳಿದರು: "ಅವರ ಕಡೆ ಅದು ಮರ್ಯಾದೆ ಕಣಮ್ಮ. ಎಳೀಬೇಡ. ಸೆರಗು ಬಿಟ್ಟು ಕೈ ನೋಡು. ನೋವು ಎಲ್ಲಿದೆಯೋ ಕೈ ಅಲ್ಲಿರತ್ತೆ."

ಅವರು ತೀರಿಕೊಂಡ ಮೇಲೆ ದವಾಖಾನೆ ಅವಳದಾಯಿತು. ಮರ್ಯಾದೆಯ ಮಾತನ್ನು ಜೋಪಾನವಾಗಿ ಇಟ್ಟುಕೊಂಡಳು. ಕೈಯ ಮಾತು ದಿನದಿನದ ಗದ್ದಲದಲ್ಲಿ ಯಾವಾಗಲೋ ಕಳೆದುಹೋಯಿತು.

ನಿನ್ನೆ ಜೇಬುನ್ನೀಸಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕುಳಿತಿದ್ದಳು. "ಹೊಟ್ಟ್ಯಾಗ ಕಸಿವಿಸಿ ರೀ. ಗ್ಯಾಸ್ ಆಗೇತಿ ಕಾಣಸ್ತದ." ಹೊರಗೆ ಜನ ತುಂಬಿತ್ತು. ಶುಭಾ ಎಂದಿನಂತೆ ಸೆರಗಿನ ತಂಟೆಗೆ ಹೋಗದೆ, ಗುಳಿಗೆ ಬರೆದು ಕಳಿಸಿದಳು. ಸೆರಗು ಹಿಡಿದ ಆ ಕೈ ಬಾಯಿಯ ಮೇಲಿರಲಿಲ್ಲ, ಎಡಗಡೆಯ ದವಡೆಯ ಮೇಲಿತ್ತು. ಈಗ ಅದು ಕಣ್ಣಿಗೆ ಕಟ್ಟಿದಂತಿದೆ.

*

"ನಸುಕಿನ್ಯಾಗ ಆಸ್ಪತ್ರಿಗೆ ಒಯ್ಯೂದ್ರಾಗ ಮುಗದಿತ್ತು. ಹಾರ್ಟ್ ಅಟ್ಯಾಕ್ ಅಂದ್ರು." ಮಗಳು ಮಲಿಕಾ ಪಕ್ಕದಲ್ಲಿ ಬಂದು ಕುಳಿತು ಶುಭಾಳ ಕೈ ಹಿಡಿದುಕೊಂಡಳು. "ನೀವ್ ಅಳಬ್ಯಾಡ್ರಿ ಮೇಡಂ. ಅಮ್ಮಿ ನಿಮ್ಮ ಮುಂದೂ ಏನೂ ಹೇಳಿರಾಕಿಲ್ಲ. ಅಕಿ ಸ್ವಭಾವನ ಹಂಗ."

ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಎಲ್ಲರೂ ಅದನ್ನೇ ನಂಬುತ್ತಿದ್ದರು.

"ಹೇಳಿದ್ರು ಮಲಿಕಾ," ಎಂದಳು ಶುಭಾ. "ದವಡೆ ಹಿಡ್ಕೊಂಡು ಕೂತಿದ್ರು. ಹಾರ್ಟಿನ ನೋವು ಅಲ್ಲೂ ಬರತ್ತೆ. ನಾನು ಸೆರಗು ನೋಡಿ ಮರ್ಯಾದೆ ಅಂದ್ಕೊಂಡೆ. ಆಗಲೇ ಆಸ್ಪತ್ರೆಗೆ ಕಳಿಸಿದ್ರೆ ಉಳೀತಿದ್ರೇನೋ."

ಮಲಿಕಾ ಓಢಣಿಯ ಅಂಚನ್ನು ಬಾಯಿಗೆ ತಂದು ಹಲ್ಲಿನಲ್ಲಿ ಕಚ್ಚಿದಳು. ಈ ಸಲ ಶುಭಾ ಕೈ ನೋಡಿದಳು. ಅದು ಶುಭಾಳ ಕೈಯನ್ನು ಬಿಟ್ಟು ಮಲಿಕಾಳ ಮಡಿಲಿಗೆ ಹೋಗಿತ್ತು, ಬೆರಳ ಗೆಣ್ಣು ಬಿಳುಪೇರುವಷ್ಟು ಬಿಗಿದ ಮುಷ್ಟಿಯಾಗಿ.