ಅರ್ವಿಯ ಹೆಸರಿನಲ್ಲಿ ಟೌನೊನ ರಕ್ತ

ಬೆಣ್ಣೆಯನ್ನು ಬ್ರೆಡ್ಡಿಗೆ ಸವರುವುದಲ್ಲ, ಹೋಳು ಮಾಡಿ ಇಡುವುದೇ ಗಂಡಸುತನ ಎಂದು ನಂಬಿದ್ದ ಜನ ಫಿನ್‌ಲೆಂಡಿನ ಉತ್ತರ ಕರೇಲಿಯದ ಆ ಹಳ್ಳಿಯವರು. ತಟ್ಟೆಗೆ ತರಕಾರಿ ಬಿದ್ದರೆ "ನಾನೇನು ಮೊಲವಾ?" ಅನ್ನುವುದು, ಐವತ್ತು ತುಂಬುವ ಮೊದಲೇ ಎದೆ ಹಿಡಿದುಕೊಂಡು ಕಾಡಿನಲ್ಲಿ ಬಿದ್ದು ಸಾಯುವುದು. ಲೆಂಪಿಯ ಮಾವ ಹಾಗೇ ಹೋದರು, ಗಂಡನ ಅಣ್ಣನೂ ಹಾಗೇ ಹೋದ. ಈಗ ಗಂಡ ಅರ್ವಿ ಸೌದೆ ಹೊತ್ತು ತರುವಾಗ ಹಬೆಸ್ನಾನದ ಮನೆಯಾದ ಸೌನಾದ ಗೋಡೆಗೆ ಒರಗಿ ಎದೆ ನೀವಿಕೊಳ್ಳುತ್ತಿದ್ದುದನ್ನು ಅವಳು ಕಿಟಕಿಯಿಂದ ಕಂಡಿದ್ದಳು.

ಅಂಥವರ ನಡುವೆ ಶುರುವಾಯಿತು ಕೊಲೆಸ್ಟ್ರಾಲ್ ಇಳಿಸುವ ಪಂದ್ಯ. ಹಳ್ಳಿಯವರೆಲ್ಲ ಶರತ್ಕಾಲದಲ್ಲಿ ಒಮ್ಮೆ, ಕ್ರಿಸ್‌ಮಸ್‌ಗೆ ಮುಂಚೆ ಇನ್ನೊಮ್ಮೆ ಪರೀಕ್ಷೆಗೆ ರಕ್ತ ಕೊಡಬೇಕು. ಯಾವ ಹಳ್ಳಿಯ ಸರಾಸರಿ ಹೆಚ್ಚು ಇಳಿದಿದೆಯೋ ಅದಕ್ಕೆ ಬಹುಮಾನದ ಕಪ್. ಆರೋಗ್ಯ ಎಂದರೆ ಮೂಗು ಮುರಿಯುತ್ತಿದ್ದ ಗಂಡಸರು, ಪಕ್ಕದ ಹಳ್ಳಿಯನ್ನು ಸೋಲಿಸಬೇಕು ಎಂದೊಡನೆ ತೊಡೆ ತಟ್ಟಿ ಎದ್ದರು. ಥೂ, ಬದುಕುವುದಕ್ಕೂ ಇವರಿಗೆ ಎದುರಾಳಿ ಬೇಕು!

ಮೊದಲ ಸಲ ಅರ್ವಿಯ ಕೊಲೆಸ್ಟ್ರಾಲ್ ಅಲ್ಲಿಯ ಅಳತೆಯಲ್ಲಿ ಎಂಟರ ಮೇಲೆ ಬಂತು. ಐದರೊಳಗೆ ಇರಬೇಕು ಎಂದಳು ನರ್ಸ್.

"ಮೈಮೇಲೆ ಒಂದು ಚೂರು ಕೊಬ್ಬಿಲ್ಲ, ರಕ್ತದಲ್ಲಿ ಎಲ್ಲಿಂದ ಬರುತ್ತಮ್ಮಾ?" ಎಂದ ಅರ್ವಿ.

"ಮೈ ನೋಡಿ ಹೇಳೋಕಾಗಲ್ಲ. ಕೊಲೆಸ್ಟ್ರಾಲ್ ಎಲ್ಲರಿಗೂ ಸ್ವಲ್ಪ ಬೇಕೇ ಬೇಕು, ಲಿವರ್ರೇ ಅದನ್ನ ಮಾಡ್ಕೊಳ್ಳುತ್ತೆ. ಹೆಚ್ಚಾದ್ರೆ ರಕ್ತನಾಳದ ಒಳಗೋಡೆಗೆ ಹತ್ಕೊಂಡು ದಾರಿ ಕಟ್ಟುತ್ತೆ. ಬೆಣ್ಣೆ ಬಿಡಿ. ಕಾಫಿ ಕುದಿಸಿ ಹಾಗೇ ಕುಡೀಬೇಡಿ, ಕಾಗದದಲ್ಲಿ ಸೋಸಿ, ಅದರ ಎಣ್ಣೆನೂ ಕೊಲೆಸ್ಟ್ರಾಲ್ ಏರಿಸುತ್ತೆ."

ಅರ್ವಿ ಎಲ್ಲಕ್ಕೂ ತಲೆಯಾಡಿಸಿ ಬಂದ. ಮನೆಯಲ್ಲಿ ಏನನ್ನೂ ಬಿಡಲಿಲ್ಲ.

ಎರಡನೇ ಪರೀಕ್ಷೆಯ ಹಿಂದಿನ ದಿನ ಊರ ಸಮಿತಿಯ ಅಧ್ಯಕ್ಷ ಓಸ್ಮೊ ಬಂದ. "ನೀನು ಬಂದ್ರೆ ಊರೇ ಮುಳುಗುತ್ತೆ ಕಣಯ್ಯ. ನಿನ್ನ ಹೆಸರಲ್ಲಿ ಭಾಮೈದನ್ನ ಕಳಿಸು, ಅವನದು ಹೋದ ಸಲ ಐದರೊಳಗೇ ಇತ್ತು. ಈ ಸಲ ಬರೋ ನರ್ಸು ಹೊಸಬಳು." ಭಾಮೈದ ಎಂದರೆ ಟೌನೊ, ಮದುವೆಯಾಗದೆ ಅಕ್ಕ ಲೆಂಪಿಯ ಮನೆಯಲ್ಲೇ ಇದ್ದ ತಮ್ಮ. ಅರ್ವಿಯ ಹೆಸರು ಕರೆದಾಗ ಆ ಮಹಾನುಭಾವ ಎದ್ದು ಹೋಗಿ ತೋಳು ಚಾಚಿದ. ನಾಲ್ಕೂವರೆ ಬಂತು.

ಇಷ್ಟಕ್ಕೇ ಮುಗಿದಿದ್ದರೆ ಹಾಳಾಗಿ ಹೋಗಲಿ ಎಂದು ಲೆಂಪಿ ಸುಮ್ಮನಿರುತ್ತಿದ್ದಳು. ಆದರೆ ಅರ್ವಿ ಆ ನಾಲ್ಕೂವರೆಯನ್ನು ನಂಬಿಬಿಟ್ಟ! ರಾತ್ರಿ ಊಟಕ್ಕೆ ಕೂತು ಬೆಣ್ಣೆಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ.

"ಅದು ಟೌನೊ ರಕ್ತ ಕಣೋ!" ಎಂದು ಲೆಂಪಿ ರೇಗಿದಳು.

"ಅದಕ್ಕೇನೀಗ? ಒಂದೇ ಮೇಜಲ್ಲಿ ತಿಂತೀವಿ, ನೀನು ಬೇಯ್ಸಿದ್ದನ್ನೇ ತಿಂತೀವಿ. ಅವನದು ನಾಲ್ಕೂವರೆ ಅಂದ್ರೆ ನಂದೂ ಅಷ್ಟೇ."

"ಒಂದೇ ಊಟ ಆದ್ರೆ ಒಂದೇ ಲಿವರ್ರಾ? ಅವನ ಬೂಟು ನಿನ್ನ ಕಾಲಿಗೆ ಹಿಡಿಯುತ್ತಾ?"

ಟೌನೊ ಪೆದ್ದು ಪೆದ್ದಾಗಿ ತನ್ನ ಬೂಟು ನೋಡಿಕೊಂಡ. ಇಬ್ಬರು ದಡ್ಡರಿಗೆ ಇಷ್ಟು ವರ್ಷ ಬೇಯಿಸಿ ಹಾಕಿದೆನಲ್ಲಾ ಎಂದು ಲೆಂಪಿಗೆ ಅಸಹ್ಯವಾಯಿತು.

ಅವರ ಹಳ್ಳಿಯೇ ಗೆದ್ದಿತು. ಬಹುಮಾನದ ದಿನ ಶಾಲೆಯ ಸಭಾಂಗಣದಲ್ಲಿ ಪಕ್ಕದ ಹಳ್ಳಿಯವರೂ ನರ್ಸೂ ಕೂತಿದ್ದರು. ಓಸ್ಮೊ ಕಪ್ ಎತ್ತಿ ಹಿಡಿದು, ಮನೋಬಲ, ಶಿಸ್ತು ಎಂದೆಲ್ಲ ಕೊರೆಯುತ್ತಿದ್ದ. ಲೆಂಪಿ ಎದ್ದು ನಿಂತಳು.

"ನನ್ನ ಗಂಡನ ಹೆಸರಲ್ಲಿ ರಕ್ತ ಕೊಟ್ಟಿದ್ದು ನನ್ನ ತಮ್ಮ. ಕೊಡಿಸಿದ್ದು ಈ ಓಸ್ಮೊ."

"ಊರ ಮಾನ ಕಳೀತೀಯಲ್ಲೇ!" ಎಂದು ಓಸ್ಮೊ ಅರಚಿದ.

"ಇವನನ್ನ ಹೂತ ಮೇಲೆ ನಿನ್ನ ಊರ ಮಾನ ಬಂದು ನಮ್ಮನೆ ಸೌದೆ ಒಡೆಯುತ್ತಾ?"

ಪಕ್ಕದ ಹಳ್ಳಿಯವರು ಹೋ ಎಂದು ನಕ್ಕರು. ಅವರ ಮುಂದೆ ಓಡಿಹೋಗಲು ನಾಚಿಕೆಯಾಗಿ ಅರ್ವಿ ಅಲ್ಲೇ ಅಂಗಿಯ ತೋಳು ಮೇಲೆ ಮಡಚಿ ನರ್ಸ್ ಎದುರು ಕೂತ. ಫಲಿತಾಂಶ ಬಂದಾಗ ಒಂಬತ್ತು ದಾಟಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಎದೆ ಪರೀಕ್ಷಿಸಿ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಮಾತ್ರೆ ಬರೆದುಕೊಟ್ಟರು.

ಕಪ್ ಪಕ್ಕದ ಹಳ್ಳಿಗೆ ಹೋಯಿತು. ಅಂಗಡಿಯಲ್ಲಿ ಹೆಂಗಸರು ಲೆಂಪಿಯನ್ನು ಕಂಡರೆ ಮುಖ ತಿರುಗಿಸಿದರು. ಅರ್ವಿ ಚಳಿಗಾಲವಿಡೀ ಅವಳೊಡನೆ ಮಾತು ಬಿಟ್ಟ. ಕೊನೆಗೆ ಒಂದು ಬೆಳಿಗ್ಗೆ ಓಟ್ಸ್ ಗಂಜಿಯ ಮುಂದೆ ಬಾಯಿಬಿಟ್ಟ.

"ಸತ್ತೇ ಹೋಗಿದ್ರೆ ಚೆನ್ನಾಗಿತ್ತು. ಮರ್ಯಾದೆಯಾದ್ರೂ ಉಳೀತಿತ್ತು."

"ಉಳೀತಿತ್ತು," ಎಂದಳು ಲೆಂಪಿ. "ನಿನ್ನ ಮರ್ಯಾದೆ ಪಕ್ಕ ಮಲಗಿ ನನಗೆ ಅಭ್ಯಾಸ ಇಲ್ಲ. ಗಂಜಿ ತಿನ್ನು."

ಅವನು ಬೈಯುತ್ತಲೇ ತಿಂದ. ಬಟ್ಟಲು ಖಾಲಿಯಾಗುವವರೆಗೆ ಅವಳು ಎದುರಿಗೇ ಕೂತಿದ್ದಳು.