ಒಬ್ಬರಿಗೆ ಗೊತ್ತಾದದ್ದು

ಅಕ್ಕೂರಿನ ನಟರಾಜುವಿನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದವೆಂದರೆ ಮನೆಮಂದಿಗೆ ಕೂತು ಉಣ್ಣಲೂ ಬಿಡುವಿಲ್ಲ. ಹುಳುಮನೆಯೊಳಗೆ ಸಣ್ಣ ಮಳೆ ಹಿಡಿದಂತೆ ಸೊಪ್ಪು ಮೇಯುವ ಸದ್ದು.

ಆ ಗಡಿಬಿಡಿಯಲ್ಲೂ ನಟರಾಜುವಿನ ಮಗಳು ಸಿರಿ ಜಗುಲಿಯಲ್ಲಿ ಕೂತು ದೊಡ್ಡಪ್ಪನ ಮಗಳು ಭಾನುಪ್ರಿಯಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಇಬ್ಬರೂ ಒಂಬತ್ತನೇ ತರಗತಿ. ಶಾಲೆಯಲ್ಲಿ ರಮ್ಯಾ ಮಿಸ್ಸು ಮಕ್ಕಳನ್ನು ಮೂವರು ಮೂವರ ಗುಂಪು ಮಾಡಿದ್ದರು. ಪಾಠದ ಒಂದೊಂದು ಪಾಲನ್ನು ಒಬ್ಬೊಬ್ಬರು ಕಲಿತು ಉಳಿದಿಬ್ಬರಿಗೆ ಕಲಿಸಬೇಕು. ಗುಂಪಿನಲ್ಲಿ ಯಾರಿಗೆ ಕಡಿಮೆ ಅಂಕ ಬರುತ್ತದೋ ಅದೇ ಮೂವರ ಅಂಕ. "ಒಬ್ಬರಿಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತಾಗಬೇಕು" ಎನ್ನುವುದು ಮಿಸ್ಸಿನ ಮಾತು. ಇವರ ಗುಂಪಿನ ಮೂರನೆಯವಳು ಅಮೂಲ್ಯ.

ಪರೀಕ್ಷೆಯಿದ್ದ ಆ ವಾರವೇ ಸಿರಿ ಹೊರಗಾದಳು. ಹೊರಗಾದ ಹೆಣ್ಣು ಹುಳುಮನೆಯ ಹೊಸಿಲು ದಾಟಬಾರದು, ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿರಬೇಕು. ಅದು ಆ ಮನೆಯ ಕಟ್ಟಳೆ. ಪರೀಕ್ಷೆ ತಪ್ಪೀತೆಂದು ಸಿರಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ತಾಯಿಯಿಲ್ಲದ ಹುಡುಗಿ, ಭಾನುಪ್ರಿಯಳ ಕಿವಿಯಲ್ಲಿ ಮಾತ್ರ ಹೇಳಿದಳು. ಎಂದಿನಂತೆ ಹುಳುವಿಗೆ ಸೊಪ್ಪೂ ಹಾಕಿದಳು.

ಕೆಲವೇ ದಿನಗಳಲ್ಲಿ ಹುಳುಗಳು ಬಳಪದ ಕಡ್ಡಿಗಳಂತೆ ಬೆಳ್ಳಗೆ ಬಿಗಿದು ಸತ್ತವು. ಸುಣ್ಣಕಟ್ಟು ರೋಗ.

"ಯಾವಳೋ ಮುಟ್ಟಾದೋಳು ಒಳಕ್ಕೋಗವ್ಳೆ" ಎಂದಳು ಅಜ್ಜಿ ಚಿಕ್ಕಲಕ್ಷ್ಮಮ್ಮ. ಭಾನುಪ್ರಿಯಳನ್ನು ದೇವರ ಪಟದ ಮುಂದೆ ನಿಲ್ಲಿಸಿ, "ನಿಂಗೊತ್ತೈತೆ. ಆಣೆ ಇಕ್ಕಿ ಹೇಳು" ಎಂದಳು. ಅವಳು ಹೇಳಿಬಿಟ್ಟಳು.

"ನೋಡ್ದಾ ನಟ್ರಾಜ? ಓದೋಳು ಮನೇನೇ ತೊಳ್ದ್ಬುಟ್ಳು. ಇಸ್ಕೂಲು ಸಾಕು. ಸೋಲೂರಿನೋರು ಹೆಣ್ಣು ಕೇಳ್ತಾವ್ರಲ್ಲ, ಬರಾಕೇಳು."

ನಟರಾಜು ಬೀಡಿ ಹಚ್ಚಿಕೊಂಡು ಸುಮ್ಮನೆ ಕೂತ. ಸಿರಿ ಕೊಟ್ಟಿಗೆ ಸೇರಿದಳು. ರೋಗಕ್ಕೆ ಮದ್ದು ಹುಡುಕುವುದಕ್ಕಿಂತ ಮಗಳನ್ನು ಹೊರಗಿಡುವುದು ನಮ್ಮಲ್ಲಿ ಎಷ್ಟು ಸಲೀಸು ನೋಡಿ.

ಮುದ್ದೆಯ ತಟ್ಟೆಯನ್ನು ದೂರದಲ್ಲೇ ಇಟ್ಟ ಭಾನುಪ್ರಿಯಳನ್ನು ಸಿರಿ ಕೇಳಿದಳು. "ಯಾಕೆ ಹೇಳ್ದೆ?"

"ಒಬ್ರಿಗೆ ಗೊತ್ತಾಗಿದ್ದು ಎಲ್ರಿಗೂ ಗೊತ್ತಾಗ್ಬೇಕು ಅಂತ ಮಿಸ್ಸೇ ಹೇಳಿಲ್ವೇನೆ?" ಅವಳು ನಕ್ಕು ಹಗುರ ಮಾಡಲು ನೋಡಿದಳು.

ಸಿರಿ ತಟ್ಟೆ ಮುಟ್ಟಲಿಲ್ಲ.

ಗುಂಪಿನಲ್ಲಿ ಒಂದು ಜಾಗ ಖಾಲಿ ಬಿದ್ದದ್ದು ಕಂಡು ಮಿಸ್ಸು ಭಾನುಪ್ರಿಯಳಿಂದ ಸಂಗತಿ ತಿಳಿದು, ಅಮೂಲ್ಯಳನ್ನು ಕರೆದುಕೊಂಡು ಮನೆಗೇ ಬಂದರು.

"ಬಾ ಮೇಡಮ್ಮ, ಕುಂತ್ಕೊ" ಎಂದಳು ಅಜ್ಜಿ. "ನಿಮ್ ಪಾಠ ನಮ್ ಹುಳ ತಿಂದಾಕ್ತು."

"ಅಜ್ಜಿ, ಸುಣ್ಣಕಟ್ಟು ಬರೋದು ಬೂಷ್ಟಿನಿಂದ. ಹುಡುಗಿ ಮೈಯಿಂದಲ್ಲ."

"ನಮ್ಮತ್ತೆ ಕಾಲ್ದಿಂದ್ಲೂ ನಡ್ಕಂಡ್ ಬಂದಿದ್ದು. ನೀನು ಹುಳ ಸಾಕಿದ್ದೀಯಾ?"

"ಇಲ್ಲ. ಈ ಅಮೂಲ್ಯನ ಮನೇಲಿ ಸಾಕ್ತಾರೆ."

ಅಮೂಲ್ಯ ಒಂದು ಹೆಜ್ಜೆ ಮುಂದೆ ಬಂದಳು. "ನಮ್ಮನೇಲಿ ಅವ್ವ ಒಬ್ಳೇ, ಅಜ್ಜಿ. ಆ ದಿನ್ದಲ್ಲೂ ಅವ್ಳೇ ಸೊಪ್ಪು ಹಾಕ್ತಾಳೆ. ಗೂಡು ಚೆನ್ನಾಗೇ ಬಂದೈತೆ. ಅವ್ವನ್ನ ಕೇಳ್ಕಂಡೇ ಈ ಮಾತು ಹೇಳ್ತಾ ಇವ್ನಿ."

"ನಿಮ್ಮನೆ ದೇವ್ರು ನಿದ್ದೆ ಮಾಡ್ತಿರ್ಬೇಕು."

ಅಷ್ಟರಲ್ಲಿ ಸಿರಿ ಕೊಟ್ಟಿಗೆಯಿಂದ ಎದ್ದು ಬಂದು ತಂದೆಯ ಎದುರು ನಿಂತಳು. "ಅಪ್ಪ, ಹಿಂದಿನ್ ಬೆಳೇಲೂ ಒಸಿ ಹುಳ ಹಿಂಗೇ ಬಿದ್ದಿದ್ವು. ಆಮೇಲೆ ಬೂಷ್ಟು ಸಾಯಾಕೆ ಹುಳುಮನೆಗೆ ಬ್ಲೀಚಿಂಗ್ ಹೊಡ್ದಾ?"

ನಟರಾಜು ನೆಲ ನೋಡಿದ. "ಟೈಮಿರ್ಲಿಲ್ಲ ಕಣವ್ವ. ಹಂಗೇ ಹೊಸ ಹುಳದ್ ಮರಿ ತಂದ್ಬುಟ್ಟೆ."

"ಅದ್ಕೇ ಬಿದ್ವು ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಅವ್ವ ನಿನ್ನ ಅಂದಾಗ... ಸುಮ್ನಾಗ್ಬುಟ್ಟೆ."

ಅಜ್ಜಿ ಸೆರಗು ಕೊಡವಿ ಒಳಗೆ ಹೋದಳು. ಸಿರಿ ತಂದೆಯನ್ನೇ ನೋಡುತ್ತಾ ನಿಂತಳು. ಭಾನುಪ್ರಿಯ ಆಣೆಗೆ ಹೆದರಿದ್ದಳು. ಅಪ್ಪನಿಗೆ ಯಾರ ಹೆದರಿಕೆಯಿತ್ತು?

"ಸೋಲೂರಿನೋರು ಬರೋದ್ ಬ್ಯಾಡ. ಬಂದ್ರೆ ಅವ್ರ ಮುಂದೇನೂ ಇದ್ನೇ ಕೇಳ್ತೀನಿ. ಈ ಕೊಟ್ಟಿಗೇಲಿ ಇನ್ಮೇಲೆ ಸೌದೆ ಇಕ್ಕಿ, ನನ್ನ ಬ್ಯಾಡ."

ಪುಸ್ತಕದ ಚೀಲ ಹೆಗಲಿಗೇರಿಸಿ ಮಿಸ್ಸಿನ ಜೊತೆ ಹೊರಟಳು. ನಟರಾಜು ತಡೆಯಲಿಲ್ಲ, ಹೋಗಿ ಬಾ ಎಂದೂ ಅನ್ನಲಿಲ್ಲ.

ತರಗತಿಯಲ್ಲಿ ಭಾನುಪ್ರಿಯ ಮೆಲ್ಲಗೆ ಹತ್ತಿರ ಸರಿದು ಕೂತಳು. "ನನ್ ಮೇಲೆ ಕೋಪನಾ? ಈಗ ಎಲ್ಲಾ ಸರಿಹೋಯ್ತಲ್ಲ. ಮೊದ್ಲಿನಂಗೇ ಇರಾನ ಕಣೆ."

ಸಿರಿ ಪುಸ್ತಕ ತೆರೆದು ಇಬ್ಬರ ನಡುವೆ ಇಟ್ಟಳು.

"ಪಾಠ ಹೇಳ್ಕೊಡ್ತೀನಿ" ಎಂದಳು. "ಗುಟ್ಟು ಹೇಳಲ್ಲ."